ನೇಕಾರ ಗಂಟು ಹಾಕಿದ ಚೆಂಡು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಅಷ್ಟು ಸಾಕು. ಇದು ಯಾರೋ ಎಲ್ಲೋ ಹೇಳಿ ನಾನು ಕೇಳಿದ್ದಲ್ಲ. ಶಹಾಪುರದಲ್ಲಿ ನಮ್ಮ ಮನೆಗೂ ಜಮಾಲಸಾಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರಿಗೆ ಆದದ್ದು. ಎಂಬತ್ತಾರನೇ ಇಸವಿ. ದೀಪಾವಳಿ ಮುಗಿದು ಚಳಿ ಬೀಳತೊಡಗಿತ್ತು.

ಖಾನಾಪುರ ಸ್ಟೇಶನ್ನಿನಲ್ಲಿ ಅವರು ಇಳಿದಾಗ ರಾತ್ರಿ ಹತ್ತು ದಾಟಿತ್ತು. ಮಗ್ಗದ ಮೇಲಿದ್ದ ಸೀರೆ ಮುಗಿಸಿ ಹೊರಡುವಷ್ಟರಲ್ಲಿ ಸಂಜೆಯ ಗಾಡಿ ತಪ್ಪಿ, ಅದರ ನಂತರದ್ದು ಸಿಕ್ಕಿತ್ತು. ಅಲ್ಲಿಂದ ಜಾಂಬೋಟಿ ಹಾದಿ ಹಿಡಿದು ಎರಡು ಮೈಲು ನಡೆದರೆ, ಅವರು ನೋಡಲು ಹೊರಟಿದ್ದ ಸತ್ಯಪ್ಪನ ಹಳ್ಳಿ. ಜಮಾಲಸಾಬರಿಗೆ ಆಗ ಐವತ್ತೆರಡು. ಮೂವತ್ತೈದು ವರ್ಷ ಕುಣಿಮಗ್ಗದಲ್ಲಿ ಕಾಲು ತುಳಿದು ತುಳಿದು ಮೊಣಕಾಲು ಎಂದೋ ಕೈಕೊಟ್ಟಿದ್ದವು. ನಾಲ್ಕು ಹೆಜ್ಜೆ ನಡೆಯುವುದು, ಒಂದು ಗಳಿಗೆ ನಿಲ್ಲುವುದು. ಹಾದಿಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಹೆಗಲಿಗೆ ಒಂದು ಬಟ್ಟೆಯ ಚೀಲ. ಚೀಲದಲ್ಲಿ ಒಂದು ಹಳೆಯ ಫುಟ್‌ಬಾಲ್. ನಡೆದಾಗೊಮ್ಮೆ ಅದು ತೊಡೆಗೆ ಬಡಿಯುತ್ತಿತ್ತು. ದಪ್... ದಪ್... ಗಾಳಿ ತುಂಬಿದ ಚೆಂಡಿನ ಸದ್ದಲ್ಲ ಅದು, ತಲೆದಿಂಬು ಬಡಿದ ಸದ್ದು. ಒಳಗಿನ ರಬ್ಬರಿನ ಬ್ಲಾಡರ್ ಕೊಳೆತು ಎಷ್ಟೋ ವರ್ಷವಾಗಿತ್ತು. ಅದನ್ನು ಕಿತ್ತು ಎಸೆದವರು ಜಮಾಲಸಾಬರೇ. ಚೆಂಡು ಚಪ್ಪಟೆಯಾಗಬಾರದೆಂದು ಮಗ್ಗದ ಕೆಳಗೆ ಉದುರುವ ನೂಲಿನ ತುಂಡುಗಳನ್ನು ತುರುಕಿ ದುಂಡಗೆ ಮಾಡಿದವರೂ ಅವರೇ. ಇದನ್ನು ಮರೆಯಬೇಡಿ.

ಈ ಚೆಂಡಿನ ಹಿಂದಿನದನ್ನು ಹೇಳದೆ ಅವರನ್ನು ಮುಂದೆ ನಡೆಸುವಂತಿಲ್ಲ. ಶಹಾಪುರದಲ್ಲಿ ಸಿತಾರಾ ಅಂತ ಒಂದು ಕ್ಲಬ್ ಇತ್ತು. ನೇಕಾರರ ಕ್ಲಬ್. ಆಡುವವರು ಅವರು, ಆಡುವ ಅಂಗಿಯ ಬಟ್ಟೆ ನೇಯ್ದವರೂ ಅವರು. ಹಸಿರು ನೆಲ, ಹಳದಿ ಪಟ್ಟಿ. ಆಟ ನಿಂತುಹೋದ ಮೇಲೂ ಕ್ಲಬ್ಬಿನ ಖೋಲಿ ಇತ್ತು, ಖೋಲಿಯೊಳಗೆ ಗಾಜಿನ ಬಾಗಿಲಿನ ಒಂದು ಕಪಾಟಿತ್ತು. ಮಗ್ಗಕ್ಕೆ ಸೂಟಿ ಇದ್ದ ದಿನ ನಾಲ್ಕೈದು ಮಂದಿ ಹಳಬರು ಸೇರಿ ಕಪಾಟು ತೆಗೆಯುವುದು ರೂಢಿ. ಮೊದಲು ಗೋಲು ಕಾಯುತ್ತಿದ್ದ ಗೋಲಿ ಕಾಸಿಮಸಾಬರ ಉಣ್ಣೆಯ ಗ್ಲೌಸು ಹೊರಬರುತ್ತಿತ್ತು. ಅದನ್ನು ಅವರೇ ಹಾಕಿಕೊಂಡು, ಮಿಲಿಟರಿ ಟೀಮಿನ ಮೇಲೆ ಆಡಿದಾಗ ತಾವು ಹಿಡಿದ ಮೂರು ಹೊಡೆತಗಳನ್ನು ಮತ್ತೆ ಹಿಡಿದು ತೋರಿಸುತ್ತಿದ್ದರು. ಆಮೇಲೆ ಮೊಳೆ ಹೊಡೆದ ಬೂಟು. ಆಮೇಲೆ ಗ್ರೂಪ್ ಫೋಟೊ. ಫೋಟೊದಲ್ಲಿ ಎಡಗಡೆ ನಿಂತ ಒಬ್ಬನ ಮುಖವನ್ನು ಯಾರೋ ಉಗುರಿನಿಂದ ಕೆರೆದು ಬಿಳಿ ಮಾಡಿದ್ದರು. ಎಲ್ಲಕ್ಕಿಂತ ಕೊನೆಗೆ ಈ ಚೆಂಡು. ಚಹಾದಂಗಡಿ ಬಂಡೆಪ್ಪ ಒಂದು ದಿನವೂ ಆಡಿದವನಲ್ಲ, ಆದರೆ ಒಂದು ಮ್ಯಾಚೂ ತಪ್ಪಿಸಿದವನಲ್ಲ. ಚೆಂಡನ್ನು ಎತ್ತಿ ಹಿಡಿದು ಪ್ರತಿಸಲ ಒಂದೇ ಮಾತು ಹೇಳುತ್ತಿದ್ದ. “ಇದ ನೋಡ್ರಿ, ಸತ್ಯಾ ಬೇಕಂತ ಹೊರಗ ಹೊಡದ ಚೆಂಡ.”

ಜಮಾಲಸಾಬರು ಆಗ ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು. ಹದಿನಾರು ವರ್ಷ ಹೀಗೇ ನಡೆಯಿತು.

ಆದದ್ದು ಇಷ್ಟು. ಎಪ್ಪತ್ತನೇ ಇಸವಿಯ ಫೈನಲ್. ಹತ್ತು ಮಂದಿ ಶಹಾಪುರದವರು, ಸತ್ಯಪ್ಪನೊಬ್ಬ ಖಾನಾಪುರದವನು. ದನ ಕಾಯುವ ಮನೆತನ, ಹಂಚಿನ ಕಾರ್ಖಾನೆಯಲ್ಲಿ ಕೆಲಸ, ರವಿವಾರ ಗಾಡಿ ಹತ್ತಿ ಬಂದು ಆಡಿ ಹೋಗುತ್ತಿದ್ದ. ಎಡಗಾಲಿನಲ್ಲಿ ಅವನು ಹೊಡೆದರೆ ಗೋಲಿಗೆ ಚೆಂಡು ಕಾಣುತ್ತಿರಲಿಲ್ಲವಂತೆ. ಜಮಾಲಸಾಬರದು ಗೆರೆಯ ಹೊರಗೆ ನಿಂತು ಚೆಂಡು ಕಟ್ಟುವ ಕೆಲಸ. ಆಗಿನ ಚೆಂಡಿಗೆ ಬಾಯಿ ಇರುತ್ತಿತ್ತು. ಅದರೊಳಗೆ ಬ್ಲಾಡರ್ ಇಟ್ಟು, ಗಾಳಿ ತುಂಬಿ, ಬಾಯಿಯನ್ನು ತೊಗಲಿನ ದಾರದಿಂದ ಬಿಗಿಯಬೇಕು. ಆವತ್ತು ಆಟದ ನಡುವೆ ದಾರ ಹರಿಯಿತು. ಬೇರೆ ದಾರ ಇರಲಿಲ್ಲ. ಮಗ್ಗದ ಮೇಲೆ ದಿನಕ್ಕೆ ನೂರು ಸಲ ಹರಿದ ಎಳೆ ಕೂಡಿಸುವ ಬೆರಳು ಅವರವು. ತಲೆ ಯೋಚಿಸುವ ಮೊದಲೇ ಬೆರಳು ನೇಕಾರರ ಗಂಟು ಹಾಕಿ ಮುಗಿಸಿತ್ತು. ನೂಲಿಗೆ ಆ ಗಂಟು ಬಿಚ್ಚೆಂದರೂ ಬಿಚ್ಚುವುದಿಲ್ಲ. ಎಣ್ಣೆ ಕುಡಿದ ತೊಗಲಿಗೆ ಮಾತ್ರ ನಿಲ್ಲುವುದಿಲ್ಲ. ನೇಕಾರನಲ್ಲದ ಬೇರೆ ಯಾವನಾದರೂ ಕಟ್ಟಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಒಂದು ಗೋಲು ಹಿಂದೆ ಇದ್ದರು. ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಸತ್ಯಪ್ಪ ಹೊಡೆದ. ಚೆಂಡು ಗಾಳಿಯಲ್ಲಿ ಒಮ್ಮೆ ಓಲಾಡಿ ಕಂಬದ ಹೊರಗೆ ಹೋಯಿತು. ತರಲು ಓಡಿದವರು ಜಮಾಲಸಾಬರು. ಕಂಬದ ಹಿಂದೆ ಕೈಗೆ ಎತ್ತಿಕೊಂಡು ನೋಡುತ್ತಾರೆ... ಗಂಟು ಬಿಚ್ಚಿತ್ತು, ಬ್ಲಾಡರ್ ಹೊರಗೆ ಉಬ್ಬಿತ್ತು. ಹೆಬ್ಬೆರಳಿನಿಂದ ಒಳಗೆ ತಳ್ಳಿ, ಬಿಗಿಯಾಗಿ ಕಟ್ಟಿ, ತಂದು ಕೊಟ್ಟರು. ಯಾರೂ ನೋಡಲಿಲ್ಲ.

ಹೊರಗಿನವನು ಒಬ್ಬನೇ ಇದ್ದ, ತಪ್ಪು ಅವನ ತಲೆಗೆ ಬಂತು. ಆ ಕಡೆಯವರ ಜೊತೆ ಒಳಗಿಂದೊಳಗೆ ಮಾತಾಡಿಕೊಂಡಿದ್ದ ಎಂದರು. ಚಪ್ಪಲಿ ಎಸೆದರು. ಮರುದಿನ ನಸುಕಿನ ಗಾಡಿ ಹತ್ತಿದ ಸತ್ಯಪ್ಪ ಮತ್ತೆ ಬೆಳಗಾವಿಗೆ ಕಾಲಿಡಲಿಲ್ಲ. ಜಮಾಲಸಾಬರು ಮೊದಲ ವಾರ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂದು ಮುಚ್ಚಿಕೊಂಡಿದ್ದರು. ದಿನ ಹೋದಂತೆ ಮಾತು ಭಾರವಾಯಿತೇ ಹೊರತು ಹಗುರಾಗಲಿಲ್ಲ.

ಎಂಬತ್ತಾರರಲ್ಲಿ ಖೋಲಿಯ ಮಾಲೀಕ ಪವರ್‌ಲೂಮ್ ಹಾಕುತ್ತೇನೆ, ಖಾಲಿ ಮಾಡಿ ಅಂದ. ಕಪಾಟಿನ ಸಾಮಾನು ಹಂಚಿಕೊಂಡರು. ಗ್ಲೌಸು ಕಾಸಿಮಸಾಬರಿಗೆ, ಫೋಟೊ ಬಂಡೆಪ್ಪನಿಗೆ. ಚೆಂಡು ಯಾರಿಗೂ ಬೇಡವಾಗಿತ್ತು. ಜಮಾಲಸಾಬರು ಅದನ್ನು ಮನೆಗೆ ತಂದು ಎಂಟು ದಿನ ಮಗ್ಗದ ಬಾಜು ಇಟ್ಟುಕೊಂಡರು. ಒಂಬತ್ತನೇ ದಿನ ಹೆಂಡತಿ ಜೋಹರಾಗೆ ಹೇಳಿದರು, “ಇದನ್ನ ಸತ್ಯಾನ ಕೈಯಾಗ ಕೊಟ್ಟು, ಆಗಿದ್ದು ಹೇಳಿ ಬರ್ತೀನಿ. ಇನ್ನ ಹೊರಾಕ ಆಗೂದಿಲ್ಲ ನನಗ.” ಮನೆಯಲ್ಲಿ ಅವರು ಆಡುವುದು ಉರ್ದು. ಆವತ್ತು ಯಾಕೋ ಕನ್ನಡದಲ್ಲಿ ಹೇಳಿದರಂತೆ. ಸತ್ಯಪ್ಪನ ಮುಂದೆ ಹೇಳುವುದನ್ನು ಮೊದಲು ಹೆಂಡತಿಯ ಮುಂದೆ ಹೇಳಿ ನೋಡಿದರೋ ಏನೋ.

ಈಗ ಹಾದಿಗೆ ಬರೋಣ.

ಊರು ಇನ್ನೂ ಎರಡು ಹೊಲದಷ್ಟು ದೂರ ಇತ್ತು. ಹಾದಿಯ ಬಲಕ್ಕೆ ಆಲದ ಮರ, ಮರದ ಬುಡಕ್ಕೆ ಬಾವಿ. ಅರ್ಧ ಚಂದ್ರ ಇದ್ದ, ಆದರೆ ಮರದ ಕೆಳಗೆ ಕಪ್ಪು. ಜಮಾಲಸಾಬರು ಮೊಣಕಾಲು ಹಿಡಿದುಕೊಂಡು ನಿಂತರು. ಆಗ ಬಾವಿಯ ಗಡಗಡಿ ತಿರುಗಿತು. ಕಿರ್ರ್... ಕಿರ್ರ್... ಗಾಳಿ ಇರಲಿಲ್ಲ. ಗಡಗಡಿಗೆ ಹಗ್ಗವೂ ಇರಲಿಲ್ಲ. ಮೂರು ಸುತ್ತು ತಿರುಗಿ ನಿಂತಿತು.

“ಜಮಾಲಭಾಯಿ... ಇಷ್ಟ ತಡಾ?”

ಪಿಸುಮಾತು. ಆದರೆ ದನಿ ಗುರುತು ಸಿಕ್ಕಿತು. ಕತ್ತಲಲ್ಲಿ ಬಾವಿಕಟ್ಟೆಯ ಆ ತುದಿಗೆ ಒಬ್ಬ ಕಂಬಳಿ ಹೊದ್ದು ಕೂತಿದ್ದ.

“ಸತ್ಯಾ? ಈ ಹೊತ್ತಿನ್ಯಾಗ ಇಲ್ಲಿ ಏನ್ ಮಾಡಾಕತ್ತಿ?”

“ನಿನ್ನ ಹಾದಿ ನೋಡಾಕತ್ತೀನಿ. ಕುಂದರು.”

ಕಾಲು ಹಿಂದುಮುಂದಾಗಿದ್ದವೇ ಅಂತ ನೀವು ಕೇಳುತ್ತೀರಿ, ಗೊತ್ತು. ನಾನೂ ಕೇಳಿದ್ದೆ. ಕಟ್ಟೆಯ ಕೆಳಗೆ ಹುಲ್ಲು ಬೆಳೆದಿತ್ತಂತೆ, ಕಾಲು ಕಾಣಲಿಲ್ಲವಂತೆ. ಬರುತ್ತೇನೆಂದು ಕಾಗದ ಹಾಕಿರಲಿಲ್ಲ, ಇವನಿಗೆ ಹೇಗೆ ತಿಳಿಯಿತು ಅಂತ ಜಮಾಲಸಾಬರಿಗೆ ಹೊಳೆಯಲೇ ಇಲ್ಲ. ಅಷ್ಟು ದಣಿದಿದ್ದರು. ಕೂತರು. ಕೂತವರೇ, ಎಲ್ಲಿ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೋ ಎಂದು ಒಂದೇ ಉಸಿರಿಗೆ ಎಲ್ಲ ಹೇಳಿದರು. ಹರಿದ ದಾರ, ತಾವು ಹಾಕಿದ ಗಂಟು, ಕಂಬದ ಹಿಂದೆ ಹೆಬ್ಬೆರಳಿನಿಂದ ಒಳಗೆ ತಳ್ಳಿದ್ದು. 

ಆ ತುದಿಯಿಂದ ದನಿ ಬಂತು.

“ಚೆಂಡ ಇಡೂ ಮುಂದನ ನೋಡಿದ್ನಿ. ಗಂಟ ಸಡ್ಲ ಆಗಿತ್ತು.”

ಜಮಾಲಸಾಬರು ಆ ಕಡೆ ತಿರುಗಿದರು. “ನೋಡಿದ್ದಿ? ಮತ್ತ ರೆಫ್ರಿಗೆ ಯಾಕ ಹೇಳಲಿಲ್ಲ?”

“ಗೆರಿ ಬಾಜುಕ ನೀ ನಿಂತಿದ್ದಿ. ಹೇಳಿದ್ರ ಅಷ್ಟೂ ಮಂದಿ ನಿನ್ನ ಮಾರಿ ನೋಡತಿದ್ರು. ಹೆಂಗರ ಹೊಡದ್ರ ಹೋದೀತು ಅಂದ್ಕೊಂಡೆ... ಹೋಗಲಿಲ್ಲ.”

 ಎಲ್ಲೋ ದೂರ ಒಂದು ನಾಯಿ ಬೊಗಳಿ ನಡುವೆಯೇ ನಿಲ್ಲಿಸಿತು.

“ಆಮ್ಯಾಲ ನೀನ ಹೇಳ್ತಿ ಅಂತ ತಿಳ್ಕೊಂಡಿದ್ದೆ, ಜಮಾಲಭಾಯಿ.”

ಆ ಮಾತಿನಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂತ ಜಮಾಲಸಾಬರು ನನಗೆ ಹೇಳಿದರು. ಸಿಟ್ಟಿರಲಿಲ್ಲ. ದಿನದ ಕೆಲಸ ಮುಗಿಸಿ ಬಂದವನು ನೀರು ಕೇಳಿದ ಹಾಗೆ ಇತ್ತು. ಅವರು ಕೂತಲ್ಲೇ ಅತ್ತರು.

“ಚೆಂಡ ಕಲ್ಲಿನ ಮ್ಯಾಲ ಇಡು. ಕೈಯಾಗ ಕೊಡಬ್ಯಾಡ.”

ಇಟ್ಟು ಹಿಂದೆ ಸರಿದರು. ಕಂಬಳಿ ಬಾಗಿತು. ತೊಗಲಿನ ದಾರ ಎಳೆದ ಸದ್ದು... ಸರ್ರ್... ಮೆತ್ತಗಿನದೇನೋ ಹುಲ್ಲಿಗೆ ಬಿದ್ದ ಸದ್ದು. ಆಮೇಲೆ ಉಸಿರು. ಹೂ... ಒಂದೇ ಉಸಿರು, ಉದ್ದಕ್ಕೆ, ಎಲ್ಲಿಯೂ ಕಡಿಯದೆ. ಚಳಿಗೆ ಜಮಾಲಸಾಬರ ಬಾಯಿಂದ ಹಬೆ ಏಳುತ್ತಿತ್ತು. ಆ ತುದಿಯಲ್ಲಿ ಹಬೆ ಇರಲಿಲ್ಲ. ಈಗ ನಿಲ್ಲಿಸುತ್ತಾನೆ, ಈಗ ನಿಲ್ಲಿಸುತ್ತಾನೆ ಅಂದುಕೊಂಡರು. ನಿಲ್ಲಲಿಲ್ಲ. ತೊಗಲು ಬಿಗಿದು ಚರ್... ಚರ್... ಅನ್ನತೊಡಗಿತು. ಅವರ ಮೈಯ ಕೂದಲು ಎದ್ದು ನಿಂತದ್ದು ಆಗ. ಎದ್ದು ಓಡಲು ಮೊಣಕಾಲು ಕೇಳಲಿಲ್ಲ.

ಠಣ್!

ಚೆಂಡು ಕಲ್ಲಿನ ಮೇಲೆ ಒಮ್ಮೆ ಪುಟಿದು, ಉರುಳಿ ಬಂದು ಅವರ ಕಾಲಿಗೆ ತಾಗಿ ನಿಂತಿತು.

“ಪದ್ಮವ್ವನ ಕೈಯಾಗ ಕೊಡು. ಮತ್ತ... ಶಹಾಪುರದಾಗ ಹೇಳು. ಅವರೆಲ್ಲಾರ ಮುಂದ.”

ಹೇಳುತ್ತೇನೆ ಅಂತ ಮಾತು ಕೊಟ್ಟು ತಲೆ ಎತ್ತಿದರೆ ಕಟ್ಟೆ ಖಾಲಿ.

ಸತ್ಯಪ್ಪನ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯ ನೆಲದ ಮೇಲೆ ಒಂದು ಹಣತೆ ಉರಿಯುತ್ತಿತ್ತು. ಅದರ ಸುತ್ತ ನೆಲ ಆಗಷ್ಟೇ ಸಾರಿಸಿದಂತಿತ್ತು. ಬಾಜುಕ ಗೋಡೆಗೆ ಒರಗಿ ಸತ್ಯಪ್ಪನ ಹೆಂಡತಿ ಪದ್ಮವ್ವ ಕೂತಿದ್ದಳು. ಹಣೆ ಬೋಳು. ನೋಡಿದ ಕೂಡಲೇ ಜಮಾಲಸಾಬರಿಗೆ ತಿಳಿಯಿತು, ಆದರೂ ಕೇಳಿದರು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತು, ಹೋಗಿ ಇವತ್ತಿಗೆ ಮೂರು ದಿನ ಅಂದಳು. ನೀವು ಯಾರು ಅಂತ ಕೇಳಿದಳು. ಶಹಾಪುರದ ಜಮಾಲ ಅಂದರು.

ಪದ್ಮವ್ವ ಅವರ ಮಾರಿಯನ್ನೇ ನೋಡಿದಳು.

“ದಿನಾ ಊಟಾ ಆದಮ್ಯಾಲ ಬಾವಿ ತನಕ ಹೋಗಿ ನಿಂದರತಿದ್ರು, ಅಣ್ಣಾರ. ಯಾಕ ಅಂದ್ರ, ಶಹಾಪುರದಾಂವ ಒಬ್ಬಾಂವ ಬರೂದೈತಿ ಅಂತಿದ್ರು. ಹದಿನಾರ ವರ್ಷ. ಜ್ವರದಾಗೂ ಹೋದ್ರು.”

 ಜಮಾಲಸಾಬರು ಚೆಂಡನ್ನು ಅವಳ ಮುಂದೆ ಇಟ್ಟರು. ಅವಳು ಎತ್ತಿಕೊಂಡು ಗಂಟಿನ ಮೇಲೆ ಬೆರಳಾಡಿಸಿದಳು. ಬೆರಳು ಅಲ್ಲೇ ನಿಂತಿತು.

“ಇದ ಎಮ್ಮಿ ಕಟ್ಟೂ ಗಂಟ. ಎಡಗೈಲೆ ಹಾಕಿದ್ದು. ಅವರದ.”

ಆ ರಾತ್ರಿ ಹಣತೆಯ ಮುಂದೆ ಕೂತು ಅವಳಿಗೆ ಎಲ್ಲ ಹೇಳಿದರು. ಅವಳು ಬೈಯಲಿಲ್ಲ. ನಸುಕಿಗೆ ಚಹಾ ಕಾಸಿ ಕೊಟ್ಟಳು. ತಿರುಗಿ ಬರುವಾಗ ಬಾವಿಕಟ್ಟೆಯ ಕೆಳಗೆ ನೂಲಿನ ಒಂದು ಗುಂಪೆ ಬಿದ್ದಿತ್ತು. ಕೆಂಪು, ನೀಲಿ, ಹಳದಿ. ತಮ್ಮ ಮಗ್ಗದ ಬಣ್ಣ ನೇಕಾರನಿಗೆ ಗುರುತು ಸಿಗದೆ ಇರುತ್ತದೆಯೇ? ಸುತ್ತಲಿನ ಹುಲ್ಲೆಲ್ಲ ಇಬ್ಬನಿಗೆ ತೊಯ್ದಿತ್ತು. ನೂಲು ಒಣಗಿತ್ತು.

ಮುಂದಿನ ಸೂಟಿಯ ದಿನ ಬಂಡೆಪ್ಪನ ಚಹಾದಂಗಡಿಯಲ್ಲಿ ನಿಂತು ಅವರು ಎಲ್ಲರ ಮುಂದೆ ಹೇಳಿದರು. ನಾನು ಅಲ್ಲೇ ಇದ್ದೆ, ಅದಕ್ಕೇ ಇದೆಲ್ಲ ಗೊತ್ತು. ಕಾಸಿಮಸಾಬರು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು ಎದ್ದುಹೋದರು, ಮುಂದೆ ಒಂದು ವರ್ಷ ಜಮಾಲಸಾಬರ ಜೊತೆ ಮಾತಾಡಲಿಲ್ಲ. ಬಂಡೆಪ್ಪ ಗೋಡೆಯ ಮೇಲಿನ ಫೋಟೊ ಇಳಿಸಿ, ಕೆರೆದ ಜಾಗವನ್ನು ಪಂಚೆಯ ತುದಿಯಿಂದ ಒರೆಸುತ್ತಲೇ ಇದ್ದ. ಒರೆಸಿದರೆ ಮುಖ ತಿರುಗಿ ಬರುತ್ತದೆಯೇ? ಉಗುರು ಯಾರದೆಂದು ಆವತ್ತು ನಮಗೆಲ್ಲ ತಿಳಿಯಿತು.

ಹೋದ ವರ್ಷ ಬಂಡೆಪ್ಪನನ್ನು ಕರೆದುಕೊಂಡು ನಾನೇ ಪದ್ಮವ್ವನ ಮನೆಗೆ ಹೋಗಿದ್ದೆ. ಚೆಂಡು ದೇವರ ಗೂಡಿನ ಬಾಜು ಇದೆ. ಬಂಡೆಪ್ಪ ಎರಡೂ ಹೆಬ್ಬೆರಳು ಊರಿ ಒತ್ತಿದ. ಒಂದು ಎಳೆಯಷ್ಟೂ ತಗ್ಗಲಿಲ್ಲ. ಒಳಗೆ ಬ್ಲಾಡರ್ ಇಲ್ಲ. ಪಂಪು ಹಚ್ಚಿದವರಿಲ್ಲ. ಸುಳ್ಳಾದರೆ ನನ್ನ ಹೆಸರು ಕರೆಯಬೇಡಿ, ಖಾನಾಪುರ ಏನು ದೂರವಲ್ಲ, ಹೋಗಿ ಒತ್ತಿ ನೋಡಿ. ಗಂಟು ಮಾತ್ರ ಬಿಚ್ಚಬೇಡಿ. ಒಳಗಿರುವುದು ಅವನ ಉಸಿರು ಅನ್ನುತ್ತಾಳೆ ಪದ್ಮವ್ವ.