ಕೊನೆಗೆ ಯಾವ ಹಾಡು ಹಾಡಿದರು?

ದೀಪ ಸ್ವಲ್ಪ ಸಣ್ಣಗೆ ಮಾಡಿ. ಹೇಳ್ತೀನಿ. ಆದರೆ ಮಧ್ಯದಲ್ಲಿ ಯಾರೂ ನಗಬೇಡಿ… ಇದು ಕಟ್ಟಿದ ಕತೆಯಲ್ಲ. ನಮ್ಮ ಪಕ್ಕದ ಮನೆಯ ಪೆಟ್ಟಿಗೆಗೆ ಆದದ್ದು.

ಪೆಟ್ಟಿಗೆ ಅಂದರೆ ಮನುಷ್ಯನೇ. ಯಾವಾಗಲೂ ಹಾರ್ಮೋನಿಯಂ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ತಿರುಗುತ್ತಿದ್ದನಲ್ಲ, ಅಕ್ಕನ ಮೂವರು ಹೆಣ್ಣುಮಕ್ಕಳು ಇಟ್ಟ ಹೆಸರು ಅದು. ಊರೆಲ್ಲ ಅದನ್ನೇ ಹಿಡಿದುಕೊಂಡಿತು.

ಅವತ್ತು ಶನಿವಾರ. ಪ್ರಾರ್ಥನಾಮಂದಿರದಲ್ಲಿ ಹಾಡಿನ ಅಭ್ಯಾಸ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಮನೆಗೆ ಹೋಗಲು ಹಳೇ ಬಾವಿಯ ಓಣಿ ಒಂದೇ ದಾರಿ. ಕಾಲು ಎಳೆದುಕೊಂಡು ನಡೆಯುತ್ತಿದ್ದ. ಪೆಟ್ಟಿಗೆಯ ಭಾರ ಹಾಗಿರಲಿ, ಮನಸ್ಸಿನ ಮೇಲೆ ಒಂದು ಸುಳ್ಳು ಕೂತಿತ್ತು. ಅವನಿಗೆ ಸುಸ್ತಾಗಿದ್ದು ಅದನ್ನು ಹೊತ್ತು.

ಆ ಸುಳ್ಳು ಅವನು ತನ್ನ ಭಾವನ ಬಗ್ಗೆ ಹೇಳಿದ್ದು. ಭಾವ ಅಂದರೆ ಅಕ್ಕನ ಗಂಡ, ಹಾಲಿನ ವ್ಯಾನಿನ ಡ್ರೈವರ್. ನಸುಕಿನಲ್ಲಿ ಹಾಲು, ಸಂಜೆ ಸುವಾರ್ತೆಯ ಹಾಡು. ಮದುವೆ ಮನೆ, ಸಾವಿನ ಮನೆ, ಆಸ್ಪತ್ರೆಯ ವಾರ್ಡು… ಯಾರು ಕರೆದರೂ ಹೊರಡುತ್ತಿದ್ದರು. ಆಗಲ್ಲ ಅನ್ನೋ ಮಾತು ಆ ಮನುಷ್ಯನ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿಲ್ಲ. ಹಾಗಂತ ಮನೆ ಮರೆತವರೂ ಅಲ್ಲ. ಹಾಲು ಹಂಚಿ ಬಂದು ಮೂವರು ಮಕ್ಕಳಿಗೂ ಜಡೆ ಹಾಕುವುದು ಅವರದೇ ಕೆಲಸ. ಬಾಚಣಿಗೆ ಹಿಡಿದೇ ತೂಕಡಿಸುತ್ತಿದ್ದರು, ಪಾಪ. ಆ ಮಕ್ಕಳ ಬೈತಲೆ ಯಾವತ್ತೂ ನೆಟ್ಟಗೆ ಇದ್ದದ್ದೇ ಇಲ್ಲ.

ಇಂಥವರಿಗೆ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆ ಸೇರಿದ ಮೇಲೆ ನೀರಿನ ಲೋಟ ಹಿಡಿಯುವ ಶಕ್ತಿಯೂ ಇರಲಿಲ್ಲ. ಪೆಟ್ಟಿಗೆ ನಾಲ್ಕು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲೇ ಕೂತ. ನಾಲ್ಕನೇ ರಾತ್ರಿ, "ಅಕ್ಕ, ನೀನು ಮನೆಗೆ ಹೋಗಿ ಮಲಗು, ನಾನಿದ್ದೀನಲ್ಲ" ಅಂದು ಅವಳನ್ನು ಕಳಿಸಿದ. ಕಳಿಸಿ… ಕೂತಲ್ಲೇ ನಿದ್ದೆಹೋದ. ನರ್ಸಮ್ಮ ಭುಜ ಅಲುಗಾಡಿಸಿದಾಗ ಬೆಳಕು ಹರಿದಿತ್ತು. ಭಾವ ಹೋಗಿಯಾಗಿತ್ತು.

ಈಗ ಇದನ್ನು ಕೇಳಿ. ಅವರ ಹಾಡಿನ ಗುಂಪಿನಲ್ಲಿ ಒಂದು ಪದ್ಧತಿ. ಹಾಡುಗಾರ ಸತ್ತರೆ, ಅವನ ಬಾಯಿಂದ ಕೊನೆಗೆ ಬಂದ ಹಾಡನ್ನೇ ಹತ್ತನೇ ದಿನ ಎಲ್ಲರೂ ಸೇರಿ ಹಾಡಬೇಕು, ಅದರ ಮೊದಲ ಸಾಲನ್ನೇ ಸಮಾಧಿಯ ಕಲ್ಲಿಗೆ ಕೆತ್ತಿಸಬೇಕು. ಹೆಣ ಮನೆಗೆ ಬಂದ ಕೂಡಲೇ ಪಾಸ್ಟರು ಕೇಳಿದರು, "ಕೊನೆಗೆ ಯಾವ ಹಾಡು ಹಾಡಿದರಪ್ಪ?" ಅಕ್ಕ ತಲೆಯೆತ್ತಿ ನೋಡಿದಳು. ನಿದ್ದೆ ಮಾಡಿಬಿಟ್ಟೆ ಅನ್ನಲು ಪೆಟ್ಟಿಗೆಗೆ ನಾಲಿಗೆ ಹೊರಳಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಹೊಳೆ ದಾಟುವ ಹಾಡು."

ಆ ಶನಿವಾರ ಒಂಬತ್ತನೇ ದಿನ. ಬೆಳಗಾದರೆ ಎಲ್ಲರೂ ಆ ಹಾಡು ಹಾಡುವವರು. ಸೋಮವಾರ ಕಲ್ಲುಕುಟಿಗ ಉಳಿ ಹಿಡಿಯುವವನು. ಸುಳ್ಳು ಕಲ್ಲಿಗೇ ಇಳಿಯುವುದರಲ್ಲಿತ್ತು.

ಬಾವಿಯ ಹತ್ತಿರ ಬಂದ. ಬೀದಿದೀಪ ಇಲ್ಲ. ಬಾವಿಯ ಕಬ್ಬಿಣದ ಮುಚ್ಚಳ ಗಾಳಿಗೆ "ಕಟ್… ಕಟ್…" ಅನ್ನುತ್ತಿತ್ತು. ಆಮೇಲೆ ಗಾಳಿ ನಿಂತಿತು… ಮುಚ್ಚಳವೂ ಸುಮ್ಮನಾಯಿತು.

ಆಗ ಹೆಗಲ ಮೇಲಿನ ಪೆಟ್ಟಿಗೆಯೊಳಗಿಂದ "ಸ್ಸ್… ಊಂ…" ಅಂತ ತಿದಿ ಉಸಿರು ಬಿಟ್ಟಿತು. ತಿದಿಯ ಪಟ್ಟಿ ಬಿಗಿದೇ ಇತ್ತು. ಇವನ ಕೈ ಮುಟ್ಟಿರಲಿಲ್ಲ.

ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. "ಖ್ಹುಂ… ಖ್ಹುಂ." ಎರಡೇ ಸಲ. ಇಪ್ಪತ್ತು ವರ್ಷ, ಭಾವ ಹಾಡು ಎತ್ತುವ ಮೊದಲಿನ ಆ ಸದ್ದು ಕೇಳಿದ ಮೇಲೇ ಇವನು ಹಾರ್ಮೋನಿಯಂ ನುಡಿಸಲು ಶುರುಮಾಡುತ್ತಿದ್ದದ್ದು.

"ಭಾವಾ…?"

"ಹೂಂ."

ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಯಾರಿಗಿರುತ್ತದೆ ಹೇಳಿ?

"ಅದನ್ನ ನಾನು ಹಾಡಿಲ್ಲ ಕಣೋ." ದನಿ ಬಹಳ ದಣಿದಿತ್ತಂತೆ. ಸಿಟ್ಟಿರಲಿಲ್ಲ.

"ಗೊತ್ತು, ಭಾವ…"

"ಮತ್ತೆ… ಹೋಗು. ಅಕ್ಕಂಗೆ ಹೇಳು."

ಪೆಟ್ಟಿಗೆ ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ಅಕ್ಕನ ಮನೆಯಲ್ಲಿ ಅಡುಗೆಮನೆಯ ದೀಪ ಉರಿಯುತ್ತಿತ್ತು. ಮಕ್ಕಳು ಮಲಗಿದ್ದವು. ಅವಳು ತಣ್ಣಗಾದ ಚಹಾ ಮುಂದಿಟ್ಟುಕೊಂಡು ಕೂತಿದ್ದಳು. ಹೊಸ್ತಿಲಲ್ಲೇ ಕುಸಿದು ಎಲ್ಲ ಹೇಳಿಬಿಟ್ಟ. ನಿದ್ದೆ ಮಾಡಿದ್ದು, ಏನೂ ಕೇಳಿಸಿಕೊಳ್ಳದ್ದು, ಸುಳ್ಳು ಹೇಳಿದ್ದು. ಮಕ್ಕಳು ಏಳದ ಹಾಗೆ ಬಾಯಿಗೆ ತೋಳು ಅಡ್ಡ ಹಿಡಿದು ಅತ್ತ.

"ನಂಗೊತ್ತಿತ್ತು ಕಣೋ," ಅಂದಳು ಅಕ್ಕ.

"ಗೊತ್ತಿತ್ತಾ? ಹೇಗೆ?"

"ಅವತ್ತು ನಸುಕಲ್ಲಿ ಗೇಟಿನ ಅಗಳಿ ಸದ್ದಾಯ್ತು. ಕಿರ್… ಟಕ್. ಅವರೇ ಬಂದ್ರು. ಬರಿಗಾಲಲ್ಲಿ. ನಾನು ಕೂಗಬೇಕು ಅನ್ನೋವಷ್ಟರಲ್ಲಿ ತುಟಿ ಮೇಲೆ ಬೆರಳಿಟ್ಟು, 'ಶ್… ಅವನು ಮಲಗಿದಾನೆ. ನಾಲ್ಕು ರಾತ್ರಿ ಆಯ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ' ಅಂದ್ರು."

ಪೆಟ್ಟಿಗೆ ತೋಳಿನಿಂದ ಮುಖ ಒರೆಸಿಕೊಂಡು ಕೇಳಿದ, "ಹಾಡಿದ್ರಾ ಅಕ್ಕ?"

"ಮಕ್ಕಳನ್ನ ನೋಡಿದ್ರು. 'ಒಂದು ಹಾಡು ಹೇಳ್ರೀ' ಅಂತ ನಾನೇ ಕೇಳಿದೆ. 'ಇವತ್ತು ಆಗಲ್ಲ ಕಣೇ, ಸಾಕಾಗಿದೆ' ಅಂದ್ರು."

"ಗೊತ್ತಿದ್ದೂ ಒಂಬತ್ತು ದಿನ ಯಾಕೆ ಸುಮ್ಮನಿದ್ದೆ?"

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ. ಇಲ್ಲದಿದ್ರೆ ನೀನು ಜನ್ಮದಲ್ಲಿ ನೆಮ್ಮದಿಯಾಗಿ ಮಲಗ್ತಿರಲಿಲ್ಲ."

ಬೆಳಗ್ಗೆ ಪೆಟ್ಟಿಗೆ ಎಲ್ಲರ ಮುಂದೆ ನಿಂತು ನಿಜ ಹೇಳಿದ. ಪಾಸ್ಟರು ಬೈಯಲಿಲ್ಲ. ಯಾರೂ ಹಾಡಲಿಲ್ಲ. ಒಂದು ಹಾಡಿನಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಂತೆವು. ನಾನೂ ಇದ್ದೆ. ಕಲ್ಲಿನ ಮೇಲೆ ಈಗಲೂ ಬರೀ ಹೆಸರಿದೆ, ಬೇಕಿದ್ದರೆ ಹೋಗಿ ನೋಡಿ.

ನೀವು ಅನ್ನಬಹುದು, ಅಕ್ಕತಮ್ಮ ಇಬ್ಬರೂ ನಿದ್ದೆಗೆಟ್ಟವರು, ಏನೇನೋ ಕಂಡಿದೆ, ಕೇಳಿದೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಸೋಮವಾರ ಪೆಟ್ಟಿಗೆ ಆಸ್ಪತ್ರೆಯಲ್ಲಿ ಉಳಿದಿದ್ದ ಫ್ಲಾಸ್ಕು ತರಲು ಹೊರಟ. ಜೊತೆಗೆ ನಾನು. ಅದೇ ನರ್ಸಮ್ಮ ಸಿಕ್ಕಿದರು. ಗುರುತು ಹಿಡಿದು, ತಾವಾಗೇ ಮಾತಿಗೆ ನಿಂತರು.

"ಅವತ್ತು ನಿಮ್ಮನ್ನ ಎಬ್ಬಿಸೋಕೆ ಪಾಪ ಅನ್ನಿಸ್ತು ರೀ. ಅಷ್ಟು ಅಚ್ಚುಕಟ್ಟಾಗಿ ಮಲಗಿದ್ರಿ."

"ಅಚ್ಚುಕಟ್ಟಾಗಿ ಅಂದ್ರೆ?"

"ಶೂ ಬಿಚ್ಚಿ ಮಂಚದ ಕೆಳಗೆ ಜೋಡಿಸಿಟ್ಟಿದ್ರಲ್ಲ. ನಾನೇ ಎತ್ತಿಕೊಟ್ಟೆ, ಗಾಬರೀಲಿ ನಿಮಗೆ ನೆನಪಿಲ್ಲ."

ಪೆಟ್ಟಿಗೆ ನನ್ನ ಮುಖ ನೋಡಿದ. ಶೂ ಹಾಕಿಕೊಂಡೇ, ಲೇಸು ಬಿಗಿದೇ, ಕೂತಲ್ಲೇ ನಿದ್ದೆಹೋದವನು ಅವನು. ಆ ರೂಮಿನಲ್ಲಿ ಇದ್ದವರು ಇಬ್ಬರೇ, ಇನ್ನೊಬ್ಬರಿಗೆ ನೀರಿನ ಲೋಟ ಹಿಡಿಯುವ ಶಕ್ತಿಯೂ ಇರಲಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಈ ಕಿವಿಯಲ್ಲೇ ಕೇಳಿದ್ದು. ಎಡದ ಕಾಲುಚೀಲ ಎಡದ ಶೂ ಒಳಗೆ, ಬಲದ್ದು ಬಲದ್ದರೊಳಗೆ… ಮಡಚಿ ಇಟ್ಟಿತ್ತಂತೆ.