ಕರೆಂಟು ಹೋದಾಗ ಮಾತಾಡುವವಳು

ಅಧ್ಯಕ್ಷತೆ ವಹಿಸಿರುವ ನಮ್ಮ ಕಂಪನಿಯ ಮುಖ್ಯಸ್ಥರಾದ ಶ್ರೀಧರ್ ಅವರೇ, ಅತಿಥಿಗಳೇ, ವಾರ್ಷಿಕೋತ್ಸವಕ್ಕೆಂದು ದೇವನಹಳ್ಳಿಯವರೆಗೆ ಬಂದಿರುವ ಸಹೋದ್ಯೋಗಿಗಳೇ, ಸಭಿಕರೇ,

ಇವತ್ತು ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ನನ್ನ ಮುಂದಿದ್ದವರು, 'ಚಟ್ನಿಗೆ ಕಡ್ಲೆಕಾಯ್ ಬೀಜ ಹಾಕಿದ್ದೀರಾ?' ಎಂದು ಕೇಳಿದರು. ದನಿ ಕೇಳಿದ ಕೂಡಲೇ ಪವಿತ್ರ ಅವರೆಂದು ತಿಳಿಯಿತು. ಎರಡು ವರ್ಷದಿಂದ ದಿನಾ ಆನ್‌ಲೈನ್ ಮೀಟಿಂಗಿನಲ್ಲಿ ನನ್ನ ಕಿವಿಯಲ್ಲಿರುವ ದನಿ. ನಾನು ನಕ್ಕೆ. ಅವರೂ ನಕ್ಕು, 'ಹಾಯ್, ನೀವು ಯಾವ ಟೀಮು?' ಎಂದರು.

ನಾವಿಬ್ಬರೂ ಒಂದೇ ಟೀಮು.

ತಪ್ಪು ಅವರದಲ್ಲ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಕೆಳಗೆ ಅಪ್ಪ ಅಮ್ಮನ ಮಗ್ಗಗಳು, ಮಹಡಿಯಲ್ಲಿ ನಾನು ಮತ್ತು ಲ್ಯಾಪ್‌ಟಾಪು. ಮೀಟಿಂಗಿನಲ್ಲಿ ಮೈಕು ಆನ್ ಮಾಡಿದರೆ ನನಗಿಂತ ಮೊದಲು ಮಗ್ಗ ಮಾತಾಡುತ್ತದೆ. ಹಾಗಾಗಿ ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ, ಯುಪಿಎಸ್ ದಯೆಯಿಂದ, ನಾನು ಬಾಯಿ ಬಿಡುತ್ತೇನೆ. ಈಚೆಗೆ ಕರೆಂಟು ಹೋಗುವುದೇ ಕಡಿಮೆಯಾಗಿದೆ. ನೇಕಾರರಿಗೆ ಒಳ್ಳೆಯದೇ.

ಒಂದೆಡೆ ಕೂತ ತಂಡ ಮೇಲೋ, ಊರೂರಲ್ಲಿ ಹರಡಿದ ತಂಡ ಮೇಲೋ ಎಂದು ಮಾತಾಡಲು ಹೇಳಿದ್ದೀರಿ. ಹರಡಿದ ತಂಡದಲ್ಲಿ ಕೆಲಸವೇನೋ ಚೆನ್ನಾಗಿಯೇ ಸಾಗುತ್ತದೆ. ಸಾಹಿತ್ಯ ಓದಿದ ನನಗೆ ನಮ್ಮ ಆ್ಯಪ್ ಬಳಸುವವರಿಗೆ ಸೂಚನೆ ಬರೆಯುವ ಕೆಲಸ. ಕಳೆದ ತಿಂಗಳು ಒಂದು ಬಟನ್ನಿನ ಬಗ್ಗೆ ಪುಟಗಟ್ಟಲೆ ಬರೆದೆ. ಆ ಬಟನ್ನನ್ನು ಹಿಂದಿನ ವಾರವೇ ತೆಗೆದಿದ್ದರಂತೆ. 'ಅಯ್ಯೋ, ಆಫೀಸಲ್ಲಿ ಟೀ ಕುಡೀವಾಗ ಡಿಸೈಡ್ ಮಾಡಿದ್ವಲ್ಲಾ, ನೀವಿರ್ಲಿಲ್ವಾ?' ಎಂದರು ಟೀಮಿನ ಮನೋಹರ್.

ಇರಲಿಲ್ಲ. ಇರಲಿಲ್ಲವೆಂದು ಯಾರಿಗೂ ಗೊತ್ತಾಗಿರಲಿಲ್ಲ.

ಅಮ್ಮನ ಹತ್ತಿರ ಹೇಳಿಕೊಂಡೆ. 'ಮನೇಲೇ ಇದ್ದೀಯಲ್ಲೇ, ಕೂತಲ್ಲಿಗೇ ಅನ್ನ ಸಾರು ಬರುತ್ತೆ. ಇನ್ನೇನೇ ನಿಂಗೆ?' ಎಂದರು. ಅಷ್ಟು ಸದ್ದಿನಲ್ಲೂ ಅಪ್ಪ ಹುಬ್ಬೇರಿಸಿದರೆ ಸಾಕು, ಅಮ್ಮ ನೂಲಿನ ಕಂಡಿಕೆ ತಂದು ಕೈಗಿಡುತ್ತಾರೆ. ಅಂಥವರಿಗೆ ಇದನ್ನು ಹೇಗೆ ತಿಳಿಸುವುದು?

ಒಂದೇ ಕೋಣೆಯವರೆಲ್ಲ ಮಾತಾಡುತ್ತಾರೆ ಎಂದೂ ಅಲ್ಲ. ಈ ಟೀಮಿಗೆ ಸೇರುವ ಮೊದಲು, ತರಬೇತಿಯ ದಿನಗಳಲ್ಲಿ ಕಚೇರಿಯಲ್ಲಿ ನೋಡಿದ್ದೇನೆ, ಪಕ್ಕದ ಕುರ್ಚಿಯವರಿಗೂ 'ಊಟ ಆಯ್ತಾ' ಎಂದು ಮೆಸೇಜು ಕಳಿಸುತ್ತೀರಿ. ಆದರೂ ಕುರ್ಚಿ ಖಾಲಿಯಿದ್ದರೆ, 'ಎಲ್ಲೋದ್ಲು ಇವ್ಳು?' ಎಂದು ಒಬ್ಬರಾದರೂ ಕೇಳುತ್ತೀರಿ. ಕೇಳುತ್ತೀರಿ, ಅಲ್ಲವೇ?

ಶ್ರೀಧರ್ ಸರ್, ಮನೆಯೋ ಕಚೇರಿಯೋ ಇವತ್ತೇ ತಿಳಿಸಿ ಎಂದಿದ್ದೀರಿ. ಸೋಮವಾರದಿಂದ ಕಚೇರಿಗೆ ಬರುತ್ತೇನೆ. ಹೋಗಿ ಬರಲು ಬಸ್ಸಿನಲ್ಲೇ ಅರ್ಧ ದಿನ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇಷ್ಟು ಹೊತ್ತು ನಾನು ಎಲ್ಲಿಯೂ ಮಾತಾಡಿದವಳಲ್ಲ. ಕೂತು ಕೇಳಿದಿರಿ, ಉಪಕಾರವಾಯಿತು. ನನ್ನ ಹೆಸರು ಧನುಶ್ರೀ. ನಮಸ್ಕಾರ.