ಮಾಡಿನ ಅಡಿಯ ಎರಡು ಬೆರಳ ಸಂದು

ಅಲ್ಲ, ನೀವು ನಗ್ಬಹುದು, ಆದ್ರೆ ನನ್ನ ಮೊದಲ ಕೆಲಸ ಅಂತ ಹೇಳುದಾದ್ರೆ ಅದೇ, ಕೋಳಿ ಗೂಡು ಕಟ್ಟುದು. ತಡೀರಿ, ಮೊದಲನೆಯದ್ದಲ್ಲ, ಸರಿಯಾಗಿ ಹೇಳ್ಬೇಕು, ಎರಡನೆಯದ್ದು. ಮೊದಲನೆಯದ್ದು ಮೆನ್ಲೋ ಪಾರ್ಕಿನ ಒಂದು ಡಾಟ್ ಕಾಮ್ ಕಂಪೆನಿ, ಅವರ ಸರ್ವರ್ ರೂಮನ್ನು ತಂಪಾಗಿ ಇಡುವ ಜವಾಬ್ದಾರಿ ನಂಗೆ. ಹನ್ನೊಂದನೆಯ ವಾರ ಒಂದು ಬೆಳಿಗ್ಗೆ ಹೋಗಿ ನೋಡಿದ್ರೆ ಕಂಪೆನಿ ಮುಳುಗಿ ಬಾಗಿಲಿಗೆ ಬೀಗ, ಒಳಗೆ ನನ್ನ ಟಿಫಿನ್ ಡಬ್ಬಿ. ನಿಮ್ಮಜ್ಜ, ಅಂದ್ರೆ ನನ್ನ ಅಪ್ಪ, ಹಡಗಿನಲ್ಲಿ ಅಡುಗೆ ಮಾಡಿಕೊಂಡು ಲೋಕ ಎಲ್ಲ ಸುತ್ತಿ ಕಡೆಗೆ ಓಕ್ಲ್ಯಾಂಡ್ ಬಂದರಿನಲ್ಲಿ ಕೆಲಸ ಹಿಡಿದು ಊರಿಂದ ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡವರು. ಬೆರ್ರಿಯೆಸಾದಲ್ಲಿ ಎರಡು ರೂಮಿನ ಅಪಾರ್ಟ್‌ಮೆಂಟು, ಐದು ಜನ. ಕಾಲೇಜಿನಲ್ಲಿ ಎರಡನೇ ರ‍್ಯಾಂಕು ಬಂದ ಹುಡುಗಿ ನಾನು, ಬೆಳಿಗ್ಗೆ ಎದ್ದು ಹೋಗ್ಲಿಕ್ಕೆ ಜಾಗ ಇಲ್ಲ. ಆಗ ನಂಗಿದ್ದದ್ದು ಕಿರುಚುವ ಕೋಪ ಅಲ್ಲ ಮಕ್ಕಳೇ, ಮಾತು ಕಡಿಮೆ ಆಗುವ ಕೋಪ. ಯಾರು ಎಂತ ಹೇಳಿದ್ರೂ ಅದರಲ್ಲಿ ತಪ್ಪು ಎಲ್ಲಿ ಉಂಟು ಅಂತ ಮೊದಲು ಹುಡುಕುದು.

ಆಗ ಸಿಕ್ಕಿದವಳು ಡೋರಿಸ್. ನಮ್ಮ ಮನೆಯ ಹಿಂದೆ ಗುಡ್ಡ ಕಾಣ್ತದಲ್ಲ, ಆ ರಸ್ತೆಯಲ್ಲಿ ಮೇಲೆ ಹೋಗಿ, ಇನ್ನೂ ಮೇಲೆ ಹೋಗಿ, ತುದಿಯಲ್ಲಿ ಅವಳ ಮನೆ, ಪಕ್ಕದಲ್ಲಿ ಮರದ ಕೆಲಸದ ಶೆಡ್ಡು. ಎಪ್ಪತ್ತು ದಾಟಿದ ಹೆಂಗಸು, ಒಬ್ಬಳೇ. ಗ್ರೋಸರಿ ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದಳು, ಕೋಳಿ ಗೂಡು ಕಟ್ಲಿಕ್ಕೆ ಅಳತೆ ತಪ್ಪದ ಕೈ ಬೇಕು ಅಂತ. ಅವಳ ಗಿರಾಕಿಗಳು ಯಾರು ಅಂದ್ರೆ, ಅದೇ ಡಾಟ್ ಕಾಮಿನವರು, ನಮ್ಮ ಹಾಗೆ ಬೀಗ ನೋಡಿದವರಲ್ಲ, ಬೀಗ ಹಾಕುವ ಮೊದಲೇ ಶೇರು ಮಾರಿ ಹೊರಟವರು. ಅವರೆಲ್ಲ ಹಿಮ ಬೀಳುವ ಬೆಟ್ಟಗಳಲ್ಲಿ ಮನೆ ತೆಗೊಂಡು, ಇನ್ನು ನಾವು ನಮ್ಮದೇ ಕೋಳಿಯ ಮೊಟ್ಟೆ ತಿನ್ನುದು ಅಂತ ಕೂತಿದ್ರು. ಹಾಗಾಗಿ ಚಳಿ ಊರಿನ ಗೂಡು ಬೇಕು. ಡೋರಿಸ್ ಯಾವ ಗೂಡನ್ನೂ ಹಾಗೇ ಕೊಡುವವಳಲ್ಲ. ಒಂದು ಮಾದರಿ ಕಟ್ಟಿ, ಅದರಲ್ಲಿ ಒಂದು ಚಳಿಗಾಲ ತನ್ನದೇ ಹೇಂಟೆಗಳನ್ನು ಇಟ್ಟು ನೋಡಿ, ಆಮೇಲೆ ಗಿರಾಕಿಗೆ. ನಾನು ಸೇರಿದೆ. ಅಪ್ಪ ಎಂತ ಹೇಳಿದ್ರು ಗೊತ್ತುಂಟಾ? "ಇಂಜಿನಿಯರಿಂಗ್ ಓದಿಸಿದ್ದು ಕೋಳಿಗೆ ಮನೆ ಕಟ್ಟಿಸ್ಲಿಕ್ಕಾ?" ಅಮ್ಮ ಒಲೆಯ ಹತ್ರದಿಂದಲೇ, "ನಿಮ್ಮನ್ನು ಹಡಗಿಗೆ ಕಳಿಸಿದ್ದು ಸೌಟು ಹಿಡೀಲಿಕ್ಕಾ? ಹೋಗ್ಲಿ ಬಿಡಿ." ಅಲ್ಲಿಗೆ ಆ ಮಾತು ಮುಗೀತು.

ನನ್ನ ಓದು ಎಂತದ್ದು ಅಂತ ಹೇಳದಿದ್ರೆ ನಿಮಗೆ ಮುಂದಿನದ್ದು ಅರ್ಥ ಆಗುದಿಲ್ಲ. ಕಡೆಯ ವರ್ಷದ ಪ್ರಾಜೆಕ್ಟನ್ನು ನಾನು ಊರಲ್ಲಿ ಮೀನಿನ ಐಸ್ ಪ್ಲಾಂಟಿನಲ್ಲಿ ಮಾಡಿದ್ದು. ಅಲ್ಲಿ ಕಲಿತದ್ದು ಒಂದೇ ಪಾಠ, ಸಂದು ಇರಬಾರದು. ಬಾಗಿಲಿನ ರಬ್ಬರು ಒಂದು ಕೂದಲಿನಷ್ಟು ಎದ್ರೂ ನಷ್ಟ. ಅಂಥವಳು ಡೋರಿಸಳ ಗೂಡು ನೋಡ್ತೇನೆ, ಮಾಡಿನ ಅಡಿಯಲ್ಲಿ, ಅಂದ್ರೆ ಗೋಡೆ ಮುಗಿದು ಛಾವಣಿ ಶುರುವಾಗುವಲ್ಲಿ, ಎರಡೂ ಬದಿ ಉದ್ದಕ್ಕೆ ಎರಡು ಬೆರಳಿನ ಸಂದು, ಇಲಿ ಬಾರದ ಹಾಗೆ ತಂತಿ ಬಲೆ ಹೊಡೆದದ್ದು ಬಿಟ್ರೆ ಪೂರಾ ತೆರೆದದ್ದು! ನಾನು ನೋಟ್‌ಬುಕ್ಕಿನಲ್ಲಿ ಅವಳ ಗೂಡಿನ ತಪ್ಪುಗಳನ್ನು ನಂಬರು ಹಾಕಿ ಬರೆದೆ, ಒಂಬತ್ತೋ ಹತ್ತೋ, ಹತ್ತು. ಬರೆದು ಮೇಜಿನ ಮೇಲೆ ಇಟ್ಟೆ, ಅಂಥ ಸೊಕ್ಕು. ಅವಳು ಕನ್ನಡಕ ಹಾಕಿ ಪೂರ್ತಿ ಓದಿದಳು. "ಅಕ್ಷರ ಚಂದ ಉಂಟು ಶಶಿ. ಕೋಳಿಗಳ ಹತ್ರ ಕೇಳಿದ್ಯಾ?" ನಾನು ಹೇಳಿದೆ, "ಮೇಡಂ, ಬಿಸಿ ಮೇಲೆ ಹೋಗ್ತದೆ. ನೀವು ಬಿಸಿ ಹೋಗುವ ಜಾಗದಲ್ಲೇ ತೂತು ಇಟ್ಟಿದ್ದೀರಿ." ಅವಳು, "ಹೌದಲ್ಲ, ಅದಕ್ಕೇ ಇಟ್ಟದ್ದು." ಅಷ್ಟೇ. ವಿವರಿಸ್ಲಿಲ್ಲ. ನಂಗೆ ಇನ್ನೂ ಕೋಪ.

ಜನವರಿಯಲ್ಲಿ ಅವಳಿಗೆ ಸೊಂಟದ ಆಪರೇಷನ್ನು, ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ. ಹೋಗುವ ಮೊದಲು ಹದಿನಾಲ್ಕು ಹೇಂಟೆಗಳನ್ನು ನನ್ನ ಕೈಗೆ ಕೊಟ್ಟಳು. ನೀರು ಇಡು, ಕಾಳು ಹಾಕು, ಬಾಕಿ ಯಾವುದನ್ನೂ ಮುಟ್ಬೇಡ ಅಂತ ಹೇಳಿ ಹೋದಳು. ಅದೇ ವಾರ ಗುಡ್ಡದ ಮೇಲೆ ಚಳಿ ಬಿತ್ತು ನೋಡಿ, ಕೋಳಿ ಕುಡಿಯುವ ನೀರು ಬೆಳಿಗ್ಗೆಗೆ ಕಲ್ಲು. ಇಲ್ಲಿ ಕೆಳಗೆ ಬರೀ ಮಂಜು, ಮೇಲೆ ಹುಲ್ಲೆಲ್ಲ ಬೆಳ್ಳಗೆ. ಬುಧವಾರ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅಮ್ಮ ಗೂಡಿನ ಒಳಗೆ ಬಗ್ಗಿ ನೋಡಿದ್ರು, ಸಂದಿನಿಂದ ಗಾಳಿ ಬರುದು ನೋಡಿದ್ರು, ತಲೆಗೆ ಸುತ್ತಿದ ಶಾಲನ್ನು ಇನ್ನೂ ಬಿಗಿ ಮಾಡಿಕೊಂಡ್ರು. "ಮಗಾ, ಇದೆಂತ ಕರ್ಮ? ಮೊಟ್ಟೆ ಇಡುವ ಹೆಣ್ಣುಗಳು ಅಲ್ವಾ ಇವು? ಬಾಣಂತಿಯನ್ನು ಹೀಗೆ ಗಾಳಿಗೆ ಬಿಡ್ತಾರಾ?" ಅಮ್ಮನ ಲೆಕ್ಕದಲ್ಲಿ ಅದು ಬಾಣಂತಿ ಕೋಣೆ, ನನ್ನ ಲೆಕ್ಕದಲ್ಲಿ ಐಸ್ ಪ್ಲಾಂಟು, ಜೀವಮಾನದಲ್ಲಿ ಮೊದಲ ಸಲ ಇಬ್ಬರ ಅಭಿಪ್ರಾಯ ಒಂದಾಯ್ತು. ನಾನು ಶೆಡ್ಡಿನಿಂದ ಪ್ಲಾಸ್ಟಿಕ್ ಶೀಟು ತಂದು ಹೊರಗಿಂದ ಹೊಡೆದೆ, ಅಮ್ಮ ಒಳಗಿಂದ ಅಪ್ಪನ ಹಳೆ ಲುಂಗಿ ಹರಿದು ಸಂದಿಗೆ ತುರುಕಿದ್ರು. ಕೆಲಸ ಮುಗಿಸಿ ಕೈ ಇಟ್ಟು ನೋಡಿದ್ರೆ ಒಂದು ಚೂರು ಗಾಳಿ ಇಲ್ಲ. ಎಷ್ಟು ಸಂತೋಷ ನಂಗೆ! ಡೋರಿಸ್ ಬರ್ಲಿ, ತೋರಿಸ್ತೇನೆ ಅಂತ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದೆ, ಮುಖಕ್ಕೆ ಹೊಡೆಯಿತು ವಾಸನೆ. ಅಮೋನಿಯ. ಐಸ್ ಪ್ಲಾಂಟಿನಲ್ಲಿ ಪೈಪಿನೊಳಗೆ ಓಡುದು ಅದೇ, ಸೋರಿದ್ರೆ ಎಲ್ಲ ಬಿಟ್ಟು ಹೊರಗೆ ಓಡಿ ಅಂತ ಮೊದಲ ದಿನವೇ ಹೇಳಿಕೊಟ್ಟಿದ್ರು. ಇಲ್ಲಿ ಪೈಪು ಎಲ್ಲಿ ಉಂಟು? ಹಿಕ್ಕೆಯಿಂದ ಬಂದದ್ದು. ಗೋಡೆ ಮುಟ್ಟಿದ್ರೆ ಒದ್ದೆ, ಮೇಲಿಂದ ಹನಿ ಬೀಳ್ತಾ ಉಂಟು, ನೆಲಕ್ಕೆ ಹಾಸಿದ ಮರದ ಸಿಪ್ಪೆ ಅಂಟಂಟು. ಹೇಂಟೆಗಳು ಅಡ್ಡಪಟ್ಟಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ವು. ನಂಗೆ ಅರ್ಥ ಆಯ್ತು, ಆಗ್ಲೇ ಅರ್ಧ ಅರ್ಥ ಆಯ್ತು, ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ಲುಂಗಿ ಎಳೆದ್ರೆ ನಾನು ಸೋತ ಹಾಗೆ ಅಲ್ವಾ? ಬಿಸಿ ಸಾಲದು, ಅದಕ್ಕೇ ನೀರು ನಿಂತದ್ದು ಅಂತ ನನಗೆ ನಾನೇ ಹೇಳಿಕೊಂಡು, ಶೆಡ್ಡಿನಲ್ಲಿದ್ದ ದೊಡ್ಡ ಬಿಸಿ ದೀಪ ತಂದು ಒಂದು ಮೂಲೆಗೆ ಕಟ್ಟಿ ಬಂದೆ. ಅದು ಎಂತ ಮಾಡಿತು ಗೊತ್ತುಂಟಾ? ಸಿಪ್ಪೆಯೊಳಗಿದ್ದ ನೀರನ್ನೂ ಮೇಲೆ ಎಬ್ಬಿಸಿತು. ದೀಪದ ಹತ್ರ ಉಗಿ, ಆಚೆ ಕೊನೆಯಲ್ಲಿ ಒದ್ದೆ ಚಳಿ.

ಶನಿವಾರ ಅಮ್ಮ ಮತ್ತೆ ಬಂದ್ರು. ಒಂದು ಬೂದು ಹೇಂಟೆ ಕೆಳಗೆ ಕೂತು ಬಾಯಿ ತೆರೆದು ಉಸಿರೆಳೀತಾ ಉಂಟು. ಒದ್ದೆ ಚಳಿ ಕಚ್ಚಿ ನಾಲ್ಕೈದರ ಜುಟ್ಟಿನ ತುದಿ ಕೆಂಪು ಹೋಗಿ ಬಿಳಿಚಿದೆ. ಅಮ್ಮ ನೋಡಿದ್ರು, ನನ್ನನ್ನು ನೋಡಿದ್ರು. "ಡೋರಿಸಮ್ಮನಿಗೆ ಫೋನ್ ಮಾಡು." "ಆಪರೇಷನ್ ಆದವರಿಗೆ ತೊಂದರೆ ಕೊಡುದಾ ಅಮ್ಮ?" "ತೊಂದರೆ ಕೊಟ್ಟು ಆಯ್ತಲ್ಲ, ಇನ್ನು ಹೇಳ್ಲಿಕ್ಕೆ ಎಂತ?" "ಕೆಲಸ ಹೋಗ್ತದೆ." "ಹೋಗ್ಲಿ. ಕೆಲಸ ಇನ್ನೊಂದು ಸಿಗ್ತದೆ. ಆ ಹೇಂಟೆಗೆ ಇನ್ನೊಂದು ಉಸಿರು ನೀನು ತಂದು ಕೊಡ್ತೀಯಾ? ಮಾಡು."

"ದೊಡ್ಡಮ್ಮ, ಯು ವರ್ ಸ್ಕೇರ್ಡ್?" ಹೆದರಿದ್ರಾ ಅಂತ ಕೇಳ್ತೀಯಾ? ಹೌದು ಮಾರಾಯ್ತಿ, ನಂಬರು ಎರಡು ಸಲ ತಪ್ಪಿತು. ಡೋರಿಸ್ ಎತ್ತಿದಳು, ಔಷಧಿಯ ಮಂಪರಿನ ಧ್ವನಿ. ಸಂದು ಮುಚ್ಚಿದ್ದು, ವಾಸನೆ, ದೀಪ, ಎಲ್ಲ ವರದಿ ಓದಿದ ಹಾಗೆ ಹೇಳಿದೆ. ಅವಳು ಒಂದೂ ಬೈಗಳು ಬೈಲಿಲ್ಲ. "ಗೋಡೆ ಒದ್ದೆಯಾ? ಮಂಡಿಯೂರಿ ಕೂತ್ರೆ ಕಣ್ಣು ಉರೀತದಾ? ಸರಿ, ಕೇಳು. ಮೊದಲು ಮೇಲಿನ ಸಂದು ತೆಗಿ, ಎರಡೂ ಬದಿ. ದೀಪ ಆರಿಸು. ಒದ್ದೆ ಸಿಪ್ಪೆ ಪೂರಾ ಹೊರಗೆ ಹಾಕಿ ಒಣಗಿದ್ದು ಹಾಸು, ಪಾದ ಮುಳುಗುವಷ್ಟು. ಬಿಳಿಚಿದ ಜುಟ್ಟನ್ನು ಉಜ್ಜಬೇಡ. ಬೂದು ಹೇಂಟೆಯನ್ನು ಶೆಡ್ಡಿಗೆ ತಾ." ಆಮೇಲೆ, "ಶಶಿ, ಕೋಳಿ ರೆಕ್ಕೆ ಉಬ್ಬಿಸಿ ತನ್ನ ಬಿಸಿ ತಾನು ಕಾಯ್ತದೆ. ಒಣಗಿದ್ದರೆ ಎಂಥ ಚಳಿಯೂ ಅದಕ್ಕೆ ದೊಡ್ಡದಲ್ಲ. ಅದರ ಉಸಿರಿನ ನೀರು ಮೇಲಿಂದ ಹೋಗ್ಬೇಕು, ಗಾಳಿ ಅದರ ತಲೆಗಿಂತ ಮೇಲೆ ಓಡಬೇಕು, ಮೈಗೆ ಬಡಿಯಬಾರದು. ನಿನ್ನ ಮೀನುಗಳು ಉಸಿರಾಡುತ್ತಿರಲಿಲ್ಲ" ಅಂತ ಹೇಳಿದಳು.

ಅಮ್ಮ ಆಗ್ಲೇ ಲುಂಗಿ ಎಳೀಲಿಕ್ಕೆ ಶುರು ಮಾಡಿಯಾಗಿತ್ತು. ಇಬ್ಬರೂ ಮಧ್ಯಾಹ್ನದವರೆಗೆ ಸಿಪ್ಪೆ ಎತ್ತಿದೆವು. ಸಂಜೆಯಾಗುವ ಮೊದಲೇ ಹನಿ ಬೀಳುದು ನಿಂತಿತ್ತು, ಭಾನುವಾರ ಗೋಡೆ ಒಣಗಿತ್ತು, ಹೊರಗೆ ಅಷ್ಟೇ ಚಳಿ, ಒಳಗೆ ಹದಿಮೂರು ಹೇಂಟೆಗಳು ಉಂಡೆ ಉಂಡೆಯಾಗಿ ಉಬ್ಬಿ ಆರಾಮ ಕೂತಿದ್ವು. ಹದಿಮೂರು. ಬೂದು ಹೇಂಟೆ ಶೆಡ್ಡಿನಲ್ಲಿ ಅಮ್ಮನ ಮಡಿಲಲ್ಲೇ ಹೋಯಿತು. ಅಮ್ಮ ಅದನ್ನು ಸಾರು ಮಾಡ್ಲಿಕ್ಕೆ ಬಿಡ್ಲಿಲ್ಲ, ಗುಡ್ಡದಲ್ಲಿ ಹೂಳಿಸಿದ್ರು. ಕೋಳಿ ಸುಕ್ಕ ಮಾಡುದರಲ್ಲಿ ಊರಿಗೇ ಹೆಸರು ಹೋದ ಕೈ ಅದು, ನೆನಪಿಟ್ಟುಕೊಳ್ಳಿ.

ಮರುವಾರ ಡೋರಿಸ್ ವಾಕರ್ ಹಿಡ್ಕೊಂಡು ಬಂದವಳು ಮನೆಯೊಳಗೆ ಹೋಗ್ಲಿಲ್ಲ, ಸೀದಾ ಗೂಡಿಗೆ. ಸಂದಿಗೆ ಕೈ ಇಟ್ಟಳು, ಸಿಪ್ಪೆ ಹಿಡಿದು ಹಿಂಡಿ ನೋಡಿದಳು, ತುದಿ ಕಪ್ಪಾದ ಜುಟ್ಟುಗಳನ್ನು ಒಂದೊಂದಾಗಿ ನೋಡಿದಳು. ಕೆಲಸ ಹೋಯ್ತು ಅಂತಲೇ ನಾನು ಶೆಡ್ಡಿನ ಕೀ ಚಾಚಿ ನಿಂತಿದ್ದೆ. ಅವಳು ಕೀ ತೆಗೊಳ್ಳಲಿಲ್ಲ. "ಗೋಡೆ ಒದ್ದೆ ನೋಡಿದ್ದು ಯಾವಾಗ?" "ಶುಕ್ರವಾರ ಬೆಳಿಗ್ಗೆ." "ಫೋನ್ ಮಾಡಿದ್ದು?" "ಶನಿವಾರ." ಅವಳು ತಲೆ ಆಡಿಸಿದಳು. "ಮುಚ್ಚಿದ್ದಕ್ಕೆ ನಾನು ಎಂತದೂ ಹೇಳುದಿಲ್ಲ. ಮೊದಲ ಚಳಿಗೆ ಎಲ್ಲರೂ ಮುಚ್ಚುತ್ತಾರೆ, ನಾನೂ ಮುಚ್ಚಿ ಕೊಂದಿದ್ದೇನೆ, ಆ ಸಂದು ಯಾಕೆ ಅಂತ ಮೊದಲೇ ಬಿಡಿಸಿ ಹೇಳದೆ ಇದ್ದದ್ದು ನನ್ನ ತಪ್ಪು. ಆದ್ರೆ ಆ ಒಂದು ದಿನ ಮಾತ್ರ ನಿನ್ನದ್ದು." ಎಷ್ಟು ಸಣ್ಣ ಧ್ವನಿಯಲ್ಲಿ ಹೇಳಿದಳು ಅಂದ್ರೆ, ಬೈದಿದ್ರೆ ಇಷ್ಟು ವರ್ಷ ನೆನಪಿರ್ತಿರ್ಲಿಲ್ಲ. ಆಮೇಲೆ, "ಸೋಮವಾರ ಎಂಟು ಗಂಟೆಗೆ ಬಾ, ಹಿಮದ ಬೆಟ್ಟದವರ ಗೂಡಿಗೆ ಮಾಡು ಏರಿಸ್ಲಿಕ್ಕುಂಟು. ನಿನ್ನ ಅಮ್ಮ ಸಹ ಬರ್ಲಿ, ಅವರ ಹತ್ರ ಕೂತು ಕಾಫಿ ಕುಡೀಬೇಕು." ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದ್ರೂ ನಾಲ್ಕು ವರ್ಷ ಕುಡಿದ್ರು.

ನಾನು ಈ ಊರಲ್ಲಿ ಕಾಲೂರಿದ್ದು ಆ ಹೆಂಗಸಿನಿಂದ. ಕಳಿಸಿಬಿಡಬಹುದಿತ್ತು, ಕಳಿಸ್ಲಿಲ್ಲ; ಪರವಾಗಿಲ್ಲ ಅಂತ ಸುಳ್ಳು ಹೇಳಬಹುದಿತ್ತು, ಅದನ್ನೂ ಹೇಳ್ಲಿಲ್ಲ. ಅವಳನ್ನು ನೆನೆಸದೆ ನಾನು ಯಾವ ಕೆಲಸವನ್ನೂ ಶುರು ಮಾಡಿದ್ದಿಲ್ಲ. ಹಾಗಾಗಿ ಮಕ್ಕಳೇ, ಏನಾದ್ರೂ ಹಾಳು ಮಾಡಿದ್ರೆ ಆ ದಿನವೇ ಬಂದು ಹೇಳಿ, ಮರುದಿನಕ್ಕೆ ಇಡ್ಬೇಡಿ. ಏಳಿ, ತಟ್ಟೆ ಇಡಿ.